ಆರು ಕೈ, ಒಂದೇ ಹೆಸರು

"ಗಾಡಿ ಇಟ್ಕೊ ಕಣಪ್ಪ, ಬ್ಯಾಡ ಅನ್ನಕ್ಕಿಲ್ಲ. ಎಂಜಿನ್ ಮಾತ್ರ ಕೇಳ್ಬ್ಯಾಡ. ಹೆಸ್ರೂ ಬದಲಾಯಿಸ್ಬ್ಯಾಡ. ಸತ್ತೋರ ಹೆಸ್ರಲ್ಲೇ ಇರ್ಲಿ. ಸತ್ತೋರಿಗೆ ಇನ್ನೇನಾಗ್ಬೇಕು?"

ಕೆಂಗೇರಿ ಹಳೇ ಊರಿನ ಆ ನಡುಮನೆಯಲ್ಲಿ ಅಕ್ಕಯ್ಯಮ್ಮ ಇಷ್ಟು ಹೇಳಿ ವೀಳ್ಯದೆಲೆಗೆ ಸುಣ್ಣ ಹಚ್ಚತೊಡಗಿದರು. ಎಂಬತ್ತಾರರ ಮುದುಕಿ, ಎರಡೂ ಕಣ್ಣಿಗೆ ಪೊರೆ. ಎದುರಿನ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತಿದ್ದ ಸಮರ್ಥನಿಗೆ ನಗು ತಡೆಯಲಾಗಲಿಲ್ಲ. ಕಬ್ಬಿಣಕ್ಕೆ ಹೆಸರು ಓದಲು ಬರುತ್ತದೆಯೇ ಅಜ್ಜಿ ಎಂದು ಕೇಳಿದ. ಮುದುಕಿ ಎಲೆ ಮಡಿಸಿ ಬಾಯಿಗಿಟ್ಟುಕೊಂಡರು.

ಹಳೇ ಕಾರುಗಳ ಜಾತಕ ಬರೆಯುವುದು ಸಮರ್ಥನ ಕಸುಬು. ಕಾರ್ಖಾನೆಯಿಂದ ಹೊರಟ ದಿನ ಹೇಗಿತ್ತೋ ಈಗಲೂ ಹಾಗೇ ಇದೆಯೇ, ಯಾರ ಕೈಯಿಂದ ಯಾರ ಕೈಗೆ ಬಂತು, ಯಾವ ಬೋಲ್ಟು ಅದರದ್ದೇ, ಯಾವುದು ಜೆ.ಸಿ. ರಸ್ತೆಯ ಬಿಡಿಭಾಗದ ಅಂಗಡಿಯಿಂದ ತಂದು ಬಿಗಿದದ್ದು ಎಂದು ಅವನು ಮೂಸಿಯೇ ಹೇಳುತ್ತಾನೆಂದು ಕಾರಿನ ಹುಚ್ಚರ ನಡುವೆ ಹೆಸರು. ಹುಟ್ಟಿದ್ದು ಮೈಸೂರು, ಬೆಳೆದದ್ದು ಪುಣೆ, ಬೆಂಗಳೂರಿನ ಆರ್‌ಪಿಸಿ ಲೇಔಟಿಗೆ ಬಂದು ಎರಡು ವರ್ಷ. ಹೊಸ ಗಾಡಿಯ ಚಕ್ರದಡಿ ನಿಂಬೆಹಣ್ಣು ಇಡುವವರನ್ನು ಕಂಡರೆ ನಿಂತು ಎರಡು ಮಾತು ಕಿಚಾಯಿಸಿ ಮುಂದೆ ಹೋಗುವ ಆಸಾಮಿ. ಕಂಡವರ ನಂಬಿಕೆಯನ್ನು ಚಿವುಟುವುದರಲ್ಲಿ ಅವನಿಗೊಂದು ಸುಖವಿತ್ತು.

ಅವನ ತಲೆ ಕೆಡಿಸಿದ್ದು ಒಂದು ಕೆಂಪು ಕಾರು. ಒರ್ಸೆತ್ತಿ, ಅರವತ್ತೊಂದರ ಮಾಡೆಲ್ಲು. ಇಟಲಿಯ ಸಣ್ಣ ಕಾರ್ಖಾನೆಯೊಂದು ಬಾಗಿಲು ಹಾಕುವ ಮೊದಲು ಕಟ್ಟಿದ ಇಪ್ಪತ್ತೇಳರಲ್ಲಿ ಒಂದು. ಇಲ್ಲಿ ಯಂತ್ರ ಕೂರಿಸಲು ಬಂದ ಇಟಲಿಯ ಎಂಜಿನಿಯರೊಬ್ಬ ಜೊತೆಗೆ ತಂದಿದ್ದ. ವಾಪಸು ಹೋಗುವಾಗ ಕೆಂಗೇರಿಯ ನಾಗರಾಜು ಎಂಬ ಜಮೀನುದಾರನಿಗೆ ಮಾರಿ ಹೋದ. ಆ ನಾಗರಾಜುವೇ ಅಕ್ಕಯ್ಯಮ್ಮನ ಗಂಡ, ಎಪ್ಪತ್ತೊಂದನೇ ಇಸವಿಯಲ್ಲಿ ಸತ್ತ. ಅಲ್ಲಿಂದೀಚೆಗೆ ಕಾರು ಆರು ಕೈ ದಾಟಿತ್ತು. ವಿಜಯನಗರ, ರಾಜಾಜಿನಗರ, ಬಸವೇಶ್ವರನಗರ ಅಂತ ಊರ ಪಡುವಣ ದಿಕ್ಕನ್ನೆಲ್ಲ ಸುತ್ತಿತ್ತು. ಆದರೆ ಆರರಲ್ಲಿ ಒಬ್ಬನೂ ತನ್ನ ಹೆಸರಿಗೆ ಮಾಡಿಸಿಕೊಂಡಿರಲಿಲ್ಲ. ದಾಖಲೆಯಲ್ಲಿ ಇನ್ನೂ ನಾಗರಾಜುವೇ ಮಾಲೀಕ. ಕಡೆಯವನಾದ ಶಶಿಕುಮಾರ್ ಎಂಬಾತ ಕಾರನ್ನು ಸಮರ್ಥನಿಗೆ ಒಪ್ಪಿಸುವಾಗ ಅದರ ಬೀಗದ ಕೈಯನ್ನು ನೇರ ಅವನ ಅಂಗೈಗೆ ಕೊಡದೆ ನೆಲದ ಮೇಲಿಟ್ಟು ಹಿಂದೆ ಸರಿದಿದ್ದ.

ಎಂಜಿನ್ನಂತೂ ಅದರದ್ದಲ್ಲವೇ ಅಲ್ಲ. ಯಾರೋ ಅಂಬಾಸಿಡರಿನ ಎಂಜಿನ್ ತುರುಕಿದ್ದರು. ಕಾರಿನ ನೋಂದಣಿ ಪುಸ್ತಕದಲ್ಲಿದ್ದ ಎಂಜಿನ್ ಸಂಖ್ಯೆಗೂ ಕಾರಿನೊಳಗೆ ಕೂತದ್ದಕ್ಕೂ ತಾಳೆಯಿಲ್ಲ. ಮೈಯೂ ಎಂಜಿನ್ನೂ ಒಂದೇ ಹುಟ್ಟಿನವಾಗದೆ ಹೋದರೆ ಸಮರ್ಥನ ಕಣ್ಣಿಗೆ ಅದು ಅರ್ಧ ಕಾರು. ಅಸಲಿ ಎಂಜಿನ್ ಹುಡುಕಿಕೊಂಡೇ ಅವನು ಕೆಂಗೇರಿಗೆ ಬಂದದ್ದು.

ಅದನ್ನು ತೋರಿಸಿದವನು ಅಕ್ಕಯ್ಯಮ್ಮನ ಮೊಮ್ಮಗ ರೇವಂತ್. ಹಿತ್ತಿಲ ಕೊಟ್ಟಿಗೆ ಒಡೆಸಿ ಬಾಡಿಗೆ ಕೋಣೆ ಕಟ್ಟಿಸುವ ಅವಸರ ಅವನಿಗೆ. ಕೊಟ್ಟಿಗೆಯ ಮೂಲೆಯಲ್ಲಿ ರಾಗಿಹೊಟ್ಟಿನ ರಾಶಿ. ಅದರಡಿ ಕರಿಕಂಬಳಿ ಸುತ್ತಿ ಹಗ್ಗ ಬಿಗಿದ ಒಂದು ಗಂಟು. ಕಂಬಳಿ ಸರಿಸಿದಾಗ ಮೂಗಿಗೆ ಬಡಿದದ್ದು ಎಣ್ಣೆಯ ವಾಸನೆಯಲ್ಲ, ಸುಟ್ಟ ಕೂದಲಿನದು. ಸಮರ್ಥ ಟಾರ್ಚು ಹಿಡಿದು ಸಂಖ್ಯೆ ಓದಿದ. ಪುಸ್ತಕದ ಸಂಖ್ಯೆಯೇ. ಖುಷಿಗೆ ಅವನ ಕಣ್ಣಲ್ಲಿ ನೀರು ಬಂತು. ಅಜ್ಜಿಗೆ ತಿಳಿಯದಂತೆ ರೇವಂತ್ ಅದನ್ನು ಸಾಗಿಸಿಕೊಟ್ಟ.

ಹೆಸರು ಬದಲಾಯಿಸಲು ಸತ್ತವನ ಹೆಂಡತಿಯ ಒಪ್ಪಿಗೆ ಬೇಕಿತ್ತು. ಮುದುಕಿ ಒಪ್ಪುವವಳಲ್ಲ. ಪಿಂಚಣಿಯವರು ಅಜ್ಜಿ ಬದುಕಿದ್ದಾಳೆಂದು ಬರೆದುಕೊಡಲು ಕೇಳಿದ್ದಾರೆ ಎಂದು ರೇವಂತ್ ಸುಳ್ಳು ಹೇಳಿದ. ಪೊರೆ ಬಂದ ಕಣ್ಣಿಗೆ ಕಾಗದದ ಮೇಲಿನ ಅಕ್ಷರ ಕಾಣಲಿಲ್ಲ. ಆ ಹೆಬ್ಬೆಟ್ಟನ್ನು ಹಿಡಿದು ಶಾಯಿಗೆ ಅದ್ದಿ ಕಾಗದಕ್ಕೆ ಒತ್ತಿಸಿದವನು ಸಮರ್ಥನೇ. ಪಾಪವೆಂದು ಅನಿಸಲೇ ಇಲ್ಲವೆಂದಲ್ಲ, ಅನಿಸಿತು, ಬೀದಿ ತಿರುವಿನವರೆಗೆ.

ಇನ್ನೊಂದು ತೊಡಕು. ಅವನು ಹಳೇ ಕಾರುಗಳ ಸಂಘದ ತೀರ್ಪುಗಾರ. ತಾನು ಜಾತಕ ಬರೆದ ಕಾರು ತನ್ನದೇ ಹೆಸರಲ್ಲಿದ್ದರೆ ನಾಲ್ಕು ಜನ ಆಡಿಕೊಳ್ಳುತ್ತಾರೆ. ಹಾಗಾಗಿ ಹೆಂಡತಿ ಕೀರ್ತನಾಳ ಹೆಸರಿಗೆ ಬರೆಸಿದ. ನಮ್ಮಲ್ಲಿ ಮನೆ, ಸೈಟು, ಸ್ಕೂಟರು ಹೆಂಡತಿಯ ಹೆಸರಲ್ಲಿರುವುದು ಯಾರಿಗೂ ವಿಚಿತ್ರವಲ್ಲ. ವಿಜಯನಗರದ ಹೈಸ್ಕೂಲೊಂದರಲ್ಲಿ ಗಣಿತ ಹೇಳುವ ಕೀರ್ತನಾ, ಎಲ್ಲಿ ಸಹಿ ಎಂದು ಕೇಳಿ, ಹಾಕಿ, ಉತ್ತರಪತ್ರಿಕೆ ತಿದ್ದುವುದಕ್ಕೆ ಹಿಂತಿರುಗಿದಳು.

ಕಾರಿನ ಕೆಲಸವೆಲ್ಲ ಮಹದೇವನದು. ಕೆಂಗೇರಿ ಉಪನಗರದ ಆಚೆ ತಗಡಿನ ಶೆಡ್ಡು ಹಾಕಿಕೊಂಡಿದ್ದ ಮಹದೇವ, ರಾಜಾಜಿನಗರದ ಕೈಗಾರಿಕಾ ಬಡಾವಣೆಯಲ್ಲಿ ಸುತ್ತಿಗೆ ಹಿಡಿದು ಬೆಳೆದವನು. ಗಣಿತದಲ್ಲಿ ಎರಡು ಸಲ ಡುಮ್ಕಿ ಹೊಡೆದಿದ್ದ ಅವನ ಮಗಳು ಸ್ಪಂದನಳನ್ನು ಕೀರ್ತನಾ ಸಂಜೆ ಕೂರಿಸಿಕೊಂಡು ಹೇಳಿಕೊಟ್ಟು ಹತ್ತನೇ ಕ್ಲಾಸು ದಾಟಿಸಿದ್ದಳು. ಅಂದಿನಿಂದ ಕೀರ್ತನಾ ಮಹದೇವನಿಗೆ ಅಕ್ಕ. ಎಂಜಿನ್ನಿನ ತಳ ಬಿಚ್ಚಿದ ದಿನ ಎಣ್ಣೆಯ ಬದಲು ಮರಳು ಸುರಿಯಿತು. ಕಪ್ಪು ಮರಳು, ಅದರಲ್ಲಿ ಸಿಕ್ಕು ಕೂದಲು, ಒಂದು ಹಲ್ಲು. ಮಹದೇವ ಸ್ಪ್ಯಾನರು ಕೆಳಗಿಟ್ಟು ದೂರ ಹೋಗಿ ನಿಂತ. ಸಮರ್ಥ ತಾನೇ ಪೊರಕೆ ಹಿಡಿದು ಎಲ್ಲವನ್ನೂ ಗುಡಿಸಿ ಮೋರಿಗೆ ಎಸೆದ.

ಎಂಜಿನ್ ತನ್ನ ಮೈಗೆ ಸೇರಿತು. ಒಂದು ಸೋಮವಾರ ಹೆಸರೂ ಬದಲಾಯಿತು.

ಅದೇ ಮಧ್ಯಾಹ್ನ ಸಮರ್ಥ ಚಾಸಿ ಸಂಖ್ಯೆಯ ಮೇಲೆ ಬಿಳಿ ಹಾಳೆ ಇಟ್ಟು, ಮೇಲೆ ಪೆನ್ಸಿಲ್ ಉಜ್ಜಿ ಅಚ್ಚು ತೆಗೆದ. ಅವನ ಜಾತಕಗಳಿಗೆಲ್ಲ ಇದೇ ಮೊದಲ ಪುಟ. ಅಚ್ಚು ಚೆನ್ನಾಗಿ ಬರಲೆಂದು ಮೂರು ಸಲ ಒತ್ತಿ ಉಜ್ಜಿದ. ಸಂಜೆ ಮನೆಗೆ ಹೋದರೆ ಕೀರ್ತನಾ ಬಾಗಿಲ ಮೂಲೆಗೆ ಬೆನ್ನು ತಿಕ್ಕಿಕೊಳ್ಳುತ್ತಿದ್ದಳು. ಬೆವರುಸಾಲೆ ಇರಬೇಕೆಂದಳು. ಅವನು ಪೌಡರು ಡಬ್ಬಿ ಅವಳ ಕೈಗೆ ಕೊಟ್ಟು ಲ್ಯಾಪ್‌ಟಾಪ್ ಬಿಚ್ಚಿದ.

ಮಂಗಳವಾರ ಮಹದೇವ ಎಡಬಾಗಿಲ ನೆಗ್ಗು ಬಡಿಯಲು ಕೂತ. ಹನ್ನೊಂದು ಗಂಟೆಗೆ ಶಾಲೆಯಿಂದ ಫೋನು. ಮೇಡಮ್ಮು ಬೋರ್ಡಿನ ಮೇಲೆ ಬರೆಯುತ್ತಿದ್ದವರು ಹಾಗೇ ಎಡಕ್ಕೆ ಮಡಚಿಕೊಂಡು ಬಿದ್ದರಂತೆ. ಯಾರೋ ಒಳಗಿನಿಂದ ಹೊಡೀತಾ ಇದಾರೆ ಅಂತ ಮಕ್ಕಳೆದುರೇ ಕೂಗಿಕೊಂಡರಂತೆ. ಆಸ್ಪತ್ರೆಯಲ್ಲಿ ನೋಡಿದರೆ ಎಡಗಡೆಯ ಮೂರು ಪಕ್ಕೆಲುಬು ಮುರಿದಿದ್ದವು. ಚರ್ಮದ ಮೇಲೆ ದುಂಡನೆಯ ನೀಲಿ ಗುರುತು, ಒಂದರ ಪಕ್ಕ ಒಂದು, ಎಲ್ಲವೂ ಒಂದೇ ಅಳತೆ.

ಡ್ಯೂಟಿಯ ಡಾಕ್ಟರಮ್ಮ ಆ ಗುರುತುಗಳನ್ನು ನೋಡಿದರು, ಆಮೇಲೆ ಸಮರ್ಥನ ಕೈಗಳನ್ನು ನೋಡಿದರು. ಅವನನ್ನು ಹೊರಗೆ ಕಳಿಸಿ ಕೀರ್ತನಾಳನ್ನು ಒಬ್ಬಳೇ ಕೂರಿಸಿಕೊಂಡು ವಿಚಾರಿಸಿದರು. ಪೊಲೀಸರು ಬಂದು ಬರೆದುಕೊಂಡು ಹೋದರು. ಗಂಡ ಹೊಡೆಯಲಿಲ್ಲವೆಂದು ಅವಳು ಹೇಳಿದಷ್ಟೂ ಅವರಿಗೆ ಅನುಮಾನ ಬಲವಾಯಿತು. ಸುದ್ದಿ ಕೇಳಿ ಓಡಿಬಂದ ಅತ್ತೆ ವರಲಕ್ಷ್ಮಿ ಅಳಿಯನ ಮುಖ ನೋಡಲಿಲ್ಲ. ಸಮರ್ಥನಿಗೆ ಅವಮಾನದಿಂದ ಮೈ ಉರಿಯಿತು. ಹೆಂಡತಿಯ ಮೇಲೆ ಒಂದು ದಿನ ಧ್ವನಿ ಏರಿಸಿದವನೂ ಅಲ್ಲ.

ನಾಲ್ಕನೇ ದಿನ ಅವಳನ್ನು ಮನೆಗೆ ಕರೆತಂದ. ಶನಿವಾರ ಬೆಳಿಗ್ಗೆ ಅಡುಗೆಮನೆಯ ಮೇಜಿಗೆ ಒರಗಿಕೊಂಡು ಅವಳು ರಾಗಿ ಅಂಬಲಿ ಕುಡಿಯುತ್ತಿದ್ದಳು. ಸಮರ್ಥ ಎದುರು ಕೂತು ಫೋನಿನ ಸ್ಪೀಕರು ಹಾಕಿ ಮಹದೇವನ ಜೊತೆ ಮಾತಾಡುತ್ತಿದ್ದ. ಅಸಲಿ ನಂಬರ್ ಪ್ಲೇಟು ಸಿಕ್ಕಿತ್ತು. ಮುಂದಿನ ಜಾಲರಿಯ ಕೆಳಗೆ ಎರಡು ತೂತು ಕೊರೆಯಬೇಕು. ಎಲ್ಲಿ ಎಂದು ಅಂಗುಲದ ಲೆಕ್ಕದಲ್ಲಿ ಹೇಳಿದ. ಸರಿ ಸಾರ್, ಹಾಕ್ತೀನಿ ಎಂದ ಮಹದೇವ. ಫೋನಿನೊಳಗೆ ಡ್ರಿಲ್ಲು ಕಿರುಗುಟ್ಟಿತು.

ಕೀರ್ತನಾಳ ಕೈಯಿಂದ ಲೋಟ ಜಾರಿತು.

ಅವಳ ಗಲ್ಲದ ಮೇಲೆ ಕೆಂಪನೆಯ ಚುಕ್ಕೆ. ಚರ್ಮ ತಿರುಚಿತು. ಒಳಕ್ಕೆ ಸುತ್ತಿಕೊಂಡಿತು. ಅವಳು ಬಾಯಿ ತೆರೆದಳು, ಕೂಗು ಬರಲಿಲ್ಲ. ರಕ್ತ ಮೇಜಿಗೆ, ತಟ್ಟೆಗೆ, ಅವನ ಮುಖಕ್ಕೆ ಸಿಡಿಯಿತು. ಮೂಳೆ ಕೊರೆಯುವ ಸದ್ದು. ಫೋನಿನಲ್ಲಿ ಕಬ್ಬಿಣದ ಸದ್ದು. ಎರಡೂ ಒಂದೇ ತಾಳಕ್ಕೆ. ಸುಟ್ಟ ಎಲುಬಿನ ವಾಸನೆ ಅಡುಗೆಮನೆ ತುಂಬಿತು. ಅವನು ಎರಡೂ ಕೈಯಿಂದ ಅವಳ ಗಲ್ಲ ಒತ್ತಿ ಹಿಡಿದ. ಅಂಗೈಯಡಿ ಏನೋ ತಿರುಗುತ್ತಿತ್ತು. ಡ್ರಿಲ್ಲು ನಿಂತಿತು. ಅಂಗೈಯಡಿಯದೂ ನಿಂತಿತು.

ಒಂದಾಯ್ತು ಸಾರ್, ಇನ್ನೊಂದು ಎಂದಿತು ಫೋನು.

ಮತ್ತೆ ಸದ್ದು. ಗಲ್ಲದ ಇನ್ನೊಂದು ಬದಿಯಲ್ಲಿ ಚರ್ಮ ತಿರುಚತೊಡಗಿತು.

"ನಿಲ್ಸು ಮಹದೇವ. ನಿಲ್ಸು. ಮುಟ್ಬೇಡ ಅದನ್ನ."

ನಿಂತಿತು. ಎರಡನೇ ತೂತು ಅರ್ಧವಾಗಿತ್ತು.

ಆಂಬುಲೆನ್ಸು ಬರುವ ಮೊದಲು ಅವಳ ನೆನೆದ ನೈಟಿ ಬದಲಿಸಲು ಹೋದಾಗ ಸಮರ್ಥ ಬೆನ್ನು ನೋಡಿದ. ಬೆನ್ನುಮೂಳೆಯ ಉದ್ದಕ್ಕೆ ಕಾರಿನ ಚಾಸಿ ಸಂಖ್ಯೆಯ ಏಳು ಅಂಕಿಗಳು, ಉಬ್ಬಿ ನಿಂತಿದ್ದವು. ಏಳು ಎಂಬ ಅಂಕಿಯ ನಡುವಿಗೆ ಅಡ್ಡಗೆರೆ. ಮೂರರ ಕೆಳಹೊಟ್ಟೆಯಲ್ಲಿ ಸಣ್ಣ ಕಚ್ಚು. ಆ ಕಾರ್ಖಾನೆಯ ಅಚ್ಚಿನ ಮೊಳೆಯೊಂದು ಮುಕ್ಕಾಗಿತ್ತೆಂದೂ ನಕಲಿ ಮಾಡುವವರಿಗೆ ಆ ಕಚ್ಚು ತರಲಾಗುವುದಿಲ್ಲವೆಂದೂ ಅವನೇ ಒಂದು ಲೇಖನ ಬರೆದಿದ್ದ. ಹೆಂಡತಿಯ ಬೆನ್ನಿನ ಮೇಲಿದ್ದದ್ದು ನಕಲಿಯಲ್ಲ. ಇಪ್ಪತ್ತು ವರ್ಷದ ಅವನ ವಿದ್ಯೆಯೆಲ್ಲ ಅದು ಅಸಲಿಯೆಂದೇ ಹೇಳಿತು.

ಆಸ್ಪತ್ರೆಯಲ್ಲಿ ಅವಳನ್ನು ಅತ್ತೆಯ ವಶಕ್ಕೆ ಬಿಟ್ಟು ನೇರ ಕೆಂಗೇರಿಗೆ ಹೋದ. ಈ ಸಲ ಕುರ್ಚಿಯಲ್ಲಿ ಕೂರಲಿಲ್ಲ. ಅಕ್ಕಯ್ಯಮ್ಮನ ಕಾಲ ಬಳಿ ನೆಲದ ಮೇಲೆ ಕುಸಿದು, ಹೆಬ್ಬೆಟ್ಟಿನ ಮೋಸವನ್ನೂ ಸೇರಿಸಿ ಎಲ್ಲ ಒಪ್ಪಿಸಿದ. ಮುದುಕಿ ಬೈಯಲಿಲ್ಲ. ತನ್ನ ಹೆಬ್ಬೆರಳನ್ನು ಸೆರಗಿನಲ್ಲಿ ಒರೆಸಿಕೊಳ್ಳುತ್ತ ಕತೆ ಹೇಳಿದರು.

ನಾಗರಾಜುವಿಗೆ ಚಿಕ್ಕಮುನಿಯಪ್ಪ ಎಂಬ ಅಣ್ಣನಿದ್ದ. ಬಾವಿ ತೋಡಿಸುವ ಕಾಗದವೆಂದು ಹೇಳಿ ನಾಗರಾಜು ಆ ಅಣ್ಣನ ಹೆಬ್ಬೆಟ್ಟು ಒತ್ತಿಸಿಕೊಂಡು, ರೈಲುಹಳಿಯ ಪಕ್ಕದ ಆರೆಕರೆ ಲಪಟಾಯಿಸಿದ. ಕಾರು ಬಂದದ್ದು ಆ ನೆಲ ಮಾರಿದ ದುಡ್ಡಿನಿಂದ. ಚಿಕ್ಕಮುನಿಯಪ್ಪ ಕಾವೇರಿ ಆಚೆಯ ಮಾಟಗಾರನೊಬ್ಬನನ್ನು ಹಿಡಿದ. ಮಾಟಗಾರ ತಮ್ಮನ ಕೂದಲು ಕೇಳಿದ, ಉಗುರು ಕೇಳಿದ, ಉಟ್ಟ ಬಟ್ಟೆ ಕೇಳಿದ. ಹೊಸಿಲು ತುಳಿಯಲು ಬಿಡದ ತಮ್ಮನಿಂದ ಅವೆಲ್ಲ ಹೇಗೆ ಸಿಗಬೇಕು? ಹಾಗಾದರೆ ಅವನ ಹೆಸರು ಹೊತ್ತ ಮೈ ಯಾವುದಾದರೂ ಇದೆಯೇ ಎಂದು ಕೇಳಿದನಂತೆ ಮಾಟಗಾರ. ಅಂಗಳದಲ್ಲಿ ಕಾರು ನಿಂತಿತ್ತು. ಹಿಟ್ಟಿನ ಗೊಂಬೆ ಮಾಡುವ ಕೆಲಸವನ್ನು ಅವರು ಕಾರಿನಲ್ಲೇ ಮುಗಿಸಿದರು.

"ಒಂದಿನ ಭಾವ ಬಂದು ಎಂಜಿನ್ನಿಗೆ ಮಸಣದ ಕೂದ್ಲು, ಹಲ್ಲು ಬೆರ್ಸಿದ ಮರಳು ಸುರುದ. ಒಳಗೆ ಊಟಕ್ಕೆ ಕೂತಿದ್ರಲ್ಲ ಇವ್ರು, ಮರಳು ಕಕ್ಕಿದ್ರು. ಮೂಗಲ್ಲಿ ಮರಳು, ಕಣ್ಣಲ್ಲಿ ಮರಳು. ಬೊಗಸೇಲಿ ಬಳುದು ಬಳುದು ಹಾಕ್ದೆ. ಮುಗೀಲಿಲ್ಲ. ನನ್ ತೊಡೆ ಮ್ಯಾಲೇ ಹೋದ್ರು."

ಸತ್ತ ಮೇಲೆ ಎಂಜಿನ್ ಬಿಚ್ಚಿಸಿ ಬಚ್ಚಿಟ್ಟವರು ಅಕ್ಕಯ್ಯಮ್ಮನೇ. ಕಾರಿನ ಮೈಯನ್ನು ಭಾವ ಮಾರಿಕೊಂಡ. ಕೊಂಡ ಪ್ರತಿಯೊಬ್ಬನ ಮನೆಗೂ ಆಕೆ ಬಸ್ಸು ಹತ್ತಿಕೊಂಡು ಹೋಗಿ, ಹೆಸರು ಬದಲಾಯಿಸಬೇಡಿ ಎಂದು ಕೈಮುಗಿದು ಬಂದಿದ್ದರು. ಆರು ಜನವೂ ಕೇಳಿದ್ದರು. ಏಳನೆಯವನು ಓದಿದವನು.

ಈಗ ಎಂಜಿನ್ ಕಳಚಿದರೆ ಸರಿಹೋಗುತ್ತದೆಯೇ ಎಂದು ಸಮರ್ಥ ಕೇಳಿದ. ಬದುಕಿರುವವರ ಹೆಸರಿರುವಾಗ ಕಳಚಿದರೆ ಎದೆಯನ್ನೇ ಕಳಚಿದ ಹಾಗೆ ಎಂದರು. ಸುಟ್ಟರೆ? ಅವಳನ್ನು ಸುಟ್ಟ ಹಾಗೆ. ಇರುವುದು ಒಂದೇ ದಾರಿ, ಹೆಸರನ್ನು ಬೇರೆಯವರು ಹೊರಬೇಕು.

"ನನ್ ಹೆಸ್ರಿಗೆ ಬರ್ಸು ಅನ್ಬೇಕು. ಬಾಯಿ ಬರಲ್ಲ ಕಣಪ್ಪ. ನಾನು ಕಣ್ಣಾರೆ ಕಂಡಿದೀನಿ."

ತನ್ನ ಹೆಸರಿಗೇ ಬರೆಸಿಕೊಳ್ಳುತ್ತೇನೆ ಎಂದ ಸಮರ್ಥ. ಹೆದರಿಕೆಯಾಗದೆ ಇರಲಿಲ್ಲ. ಆದರೂ ಅವಳು ಸಾಯಬಾರದು. ಅಷ್ಟೇ ಅವನಿಗೆ ಸ್ಪಷ್ಟವಾಗಿದ್ದದ್ದು.

ಅರ್ಜಿ ಹಾಕಿದ. ಒಪ್ಪಿಗೆಗೆಂದು ತನ್ನ ಫೋನಿಗೆ ಬಂದ ಓಟಿಪಿ ಸಂಖ್ಯೆಯನ್ನು ಕೀರ್ತನಾ ಹಾಸಿಗೆಯಲ್ಲಿದ್ದುಕೊಂಡೇ ಓದಿ ಹೇಳಬೇಕಿತ್ತು. ಗಲ್ಲಕ್ಕೆ ಹೊಲಿಗೆ ಬಿದ್ದಿದ್ದರಿಂದ ಒಂದೊಂದು ಅಂಕಿಗೂ ಅವಳ ಕಣ್ಣಲ್ಲಿ ನೀರು ಬರುತ್ತಿತ್ತು. ಅವನು ಇದ್ದದ್ದನ್ನೆಲ್ಲ ಹೇಳಿದ. ಅವಳು ನಂಬಿದಳೋ ಇಲ್ಲವೋ ತಿಳಿಯಲಿಲ್ಲ.

"ಮೊದ್ಲೇ ನಿನ್ನ ಹೆಸರಿಗೇ ಮಾಡಿಸ್ಕೊಳೋಕೆ ಏನಾಗಿತ್ತು ನಿಂಗೆ?" ಎಂದಳು.

ಹೆಸರು ಬದಲಾಗಲು ಒಂದು ವಾರವೆಂದರು. ಆ ವಾರವಿಡೀ ಸಮರ್ಥ ಮಹದೇವನ ಶೆಡ್ಡಿನಲ್ಲಿ ಕಾರಿನ ಪಕ್ಕದಲ್ಲಿ ಕಾವಲು ಕೂತ. ಮಧ್ಯಾಹ್ನದ ಬಿಸಿಲಿಗೆ ತಗಡು ಕಾದರೆ ಕಾರಿನ ಮೈ ಮುಟ್ಟಲಾಗುತ್ತಿರಲಿಲ್ಲ. ಅದೇ ಹೊತ್ತಿಗೆ ಆಸ್ಪತ್ರೆಯಲ್ಲಿ ಅವಳಿಗೆ ನೂರನಾಲ್ಕು ಜ್ವರ. ಅವನು ಗೋಣಿತಾಟು ನೆನೆಸಿ ನೆನೆಸಿ ಕಾರಿಗೆ ಹೊದಿಸಿದ. ಜ್ವರ ಇಳಿಯುತ್ತಿತ್ತು. ಒಂದು ದಿನ ಸೀಟಿನೊಳಗೆ ಇಲಿ ಹೊಕ್ಕು ಚರ್ಮ ಕಡಿಯಿತು. ಕೀರ್ತನಾಳ ತೊಡೆಯಲ್ಲಿ ಪುಟ್ಟ ಪುಟ್ಟ ತುಂಡು ಮಾಂಸ ಕಾಣೆಯಾಗಿದೆಯೆಂದು ನರ್ಸುಗಳು ಗಾಬರಿಬಿದ್ದರು. ಅವನು ಇಲಿಯನ್ನು ಬರಿಗೈಯಲ್ಲಿ ಹಿಡಿದು ನೆಲಕ್ಕೆ ಬಡಿದು ಬಡಿದು ಕೊಂದ. ಸತ್ತ ಮೇಲೂ ಬಡಿಯುತ್ತಲೇ ಇದ್ದ.

ಇದನ್ನೆಲ್ಲ ಮಹದೇವ ದೂರದಿಂದ ನೋಡುತ್ತಿದ್ದ. ಏನು ಸಾರ್ ಇದು ಎಂದು ಎರಡು ಸಲ ಕೇಳಿದ. ಸಮರ್ಥ ಬಾಯಿ ಬಿಡಲಿಲ್ಲ. ಇದೇ ಮಹದೇವ ಮರಳು ಕಂಡು ಹಿಂದೆ ಸರಿದಾಗ, ಓದದವರ ಹಣೆಬರಹವೇ ಇಷ್ಟು ಎಂದು ಅವನೆದುರೇ ಗೇಲಿ ಮಾಡಿದ್ದ. ಈಗ ಯಾವ ಮುಖವಿಟ್ಟುಕೊಂಡು ಹೇಳುವುದು? ದಾಖಲೆಯ ತಕರಾರಿದೆ, ಕಾರಿಗೆ ಕೈ ಹಚ್ಚಬೇಡ ಎಂದಷ್ಟೇ ಹೇಳಿದ. ಎರಡು ಮಾತು ಹೆಚ್ಚಿಗೆ ಆಡಿದ್ದರೆ ಸಾಕಿತ್ತು. ಜಂಬ ಬಿಡಲಿಲ್ಲ.

ಎಂಟನೇ ದಿನ ಆರ್‌ಟಿಓ ಕಚೇರಿಯಿಂದ ಕರೆ ಬಂತು. ಒಂದೇ ತಿಂಗಳಲ್ಲಿ ಎರಡನೇ ಸಲ ಹೆಸರು ಬದಲಾಗುತ್ತಿರುವುದರಿಂದ ಖುದ್ದು ಬರಬೇಕಂತೆ. ಸಮರ್ಥ ಶೆಡ್ಡಿನ ಬಾಗಿಲೆಳೆದು, ಮಹದೇವನಿಗೆ ಮತ್ತೊಮ್ಮೆ ಅದೇ ಮಾತು ಹೇಳಿ ಹೊರಟ. ಮೈಸೂರು ರಸ್ತೆಯ ಗಾಡಿಗಳ ನಡುವೆ ತೆವಳಿ ಕಚೇರಿ ಮುಟ್ಟುವಾಗ ಹನ್ನೊಂದೂವರೆ.

ಅಧಿಕಾರಿಯ ಕೋಣೆಯಲ್ಲಿ ಫ್ಯಾನು ಟಕಟಕ ಎನ್ನುತ್ತಿತ್ತು. ಅಧಿಕಾರಿ ಕಂಪ್ಯೂಟರಿನಲ್ಲಿ ಅರ್ಜಿ ತೆರೆದು ಸಾವಕಾಶವಾಗಿ ಓದತೊಡಗಿದರು. ಆಗ ಸಮರ್ಥನ ಫೋನಿಗೆ ಮಹದೇವ ಕಳಿಸಿದ ಧ್ವನಿ ಬಂತು. ಕಿವಿಗೆ ಹಿಡಿದ.

"ಸಾರ್, ರೇವಂತು ಸಿಕ್ಕಿದ್ದ, ಮಾಟದ ಗಾಡಿ ಅಂತ ಹೇಳ್ದ. ನಿಮ್ಗೆ ಇದ್ರ ಮೇಲೆ ಆಸೆ, ನೀವು ಬಿಡಲ್ಲ. ಅಲ್ಲಿ ಅಕ್ಕ ಸಾಯ್ತಾವ್ರೆ. ನನ್ ಮಗಳಿಗೆ ದಾರಿ ತೋರ್ಸಿದೋರು ಸಾರ್ ಅವ್ರು. ಗ್ಯಾಸ್ ಕಟರ್ ಹಚ್ಚಿದೀನಿ. ತುಂಡು ತುಂಡು ಮಾಡಿ ಗುಜರಿಗೆ ಹಾಕ್ಬಿಡ್ತೀನಿ. ಆಮೇಲೆ ನನ್ನ ಏನ್ ಬೇಕಾದ್ರೂ ಮಾಡಿ."

ಮಾತಿನ ಹಿಂದೆ ಬೆಂಕಿಯ ಬುಸುಗುಟ್ಟುವಿಕೆ.

ಸಮರ್ಥ ಫೋನು ಮಾಡಿದ. ರಿಂಗಾಯಿತು. ಎತ್ತಲಿಲ್ಲ. ಮತ್ತೆ ಮಾಡಿದ. ಮತ್ತೆ. ಕಟರಿನ ಸದ್ದಿಗೆ ಅವನಿಗೆಲ್ಲಿ ಕೇಳಬೇಕು? ಕೆಂಗೇರಿಗೆ ಮುಕ್ಕಾಲು ಗಂಟೆ ದಾರಿ. ಅಷ್ಟರಲ್ಲಿ ಫೋನು ತಾನೇ ಹೊಡೆದುಕೊಂಡಿತು. ಅತ್ತೆ.

ವರಲಕ್ಷ್ಮಿಯ ಮಾತಿಗಿಂತ ಮೊದಲು ಅದರ ಹಿಂದಿನ ಕೂಗು ಕೇಳಿಸಿತು. ಕೀರ್ತನಾಳ ಕೂಗು. ಮನುಷ್ಯರ ಗಂಟಲಿನದು ಎನ್ನಿಸದ ಕೂಗು.

"ಬಲಗಾಲು ಸುಡ್ತಾ ಇದೆ ಸಮರ್ಥ. ಬೆಂಕೀನೇ ಇಲ್ಲ. ಹಿಮ್ಮಡಿಯಿಂದ ಸುಟ್ಕೊಂಡು ಮೇಲಕ್ಕೆ ಹೋಗ್ತಾ ಇದೆ. ವಾಸನೆ ಬರ್ತಾ ಇದೆ. ಏನ್ ಮಾಡಿದೀರಿ ನೀವು ನನ್ ಮಗಳಿಗೆ?"

ಅವನು ಫೋನನ್ನು ಕಿವಿಗೆ ಒತ್ತಿಕೊಂಡೇ ಅಧಿಕಾರಿಯ ಕಡೆ ತಿರುಗಿದ. ಅವರು ಕನ್ನಡಕದ ಮೇಲಿಂದ ನೋಡಿದರು.

"ಎರಡು ವಾರದ ಹಿಂದೆ ಅವರ ಹೆಸರಿಗೆ, ಈಗ ನಿಮ್ಮ ಹೆಸರಿಗೆ. ಮತ್ತೆ ಬದಲಾಯಿಸ್ಬೇಕು ಅಂದ್ರೆ ತಿಂಗಳುಗಟ್ಲೆ ಆಗುತ್ತೆ. ಯೋಚ್ನೆ ಮಾಡಿ ಹೇಳಿ. ಒತ್ತಲಾ?"

ಸಮರ್ಥ ತನ್ನ ಕಾಲು ನೋಡಿಕೊಂಡ. ಬೇಡವೆಂದೇನೂ ಹೇಳಬೇಕಾಗಿರಲಿಲ್ಲ. ಒಂದು ಹತ್ತು ನಿಮಿಷ ಬಿಟ್ಟು ಒತ್ತಿ ಎಂದರೂ ಸಾಕಿತ್ತು. ಆ ಹತ್ತು ನಿಮಿಷ ಅವನ ನಾಲಿಗೆಯ ತುದಿಯವರೆಗೆ ಬಂದು ನಿಂತಿತು. ನಾಚಿಕೆಯಾಯಿತು. ಕಿವಿಯೊಳಗೆ ಅವಳು ಕೂಗುತ್ತಲೇ ಇದ್ದಳು.

"ಒತ್ತಿ ಸಾರ್," ಎಂದ.

ಅಧಿಕಾರಿ ಒತ್ತಿದರು.

ಕೂಗು ನಿಂತಿತು. ಒಮ್ಮೆಲೇ. ಅತ್ತೆ ಏನೇನೋ ಹೇಳುತ್ತಿದ್ದರು. ನಿಂತಿತಂತೆ, ಕಣ್ಣು ಬಿಟ್ಟಳಂತೆ. ಕಾಲು ಮಂಡಿಯವರೆಗೆ ಕರಕಲಾಗಿದೆಯಂತೆ, ಆದರೆ ಉಸಿರಾಡುತ್ತಿದ್ದಾಳಂತೆ, ನೀರು ಕೇಳುತ್ತಿದ್ದಾಳಂತೆ. ಸಮರ್ಥ ಸಮಾಧಾನದಿಂದ ಅತ್ತ. ಕೊಡಿ, ನೀರು ಕೊಡಿ ಎಂದ.

ಅವನ ಮೊಬೈಲು ಸಣ್ಣಗೆ ಟಿಂಗ್ ಎಂದಿತು. ವಾಹನ ಅವನ ಹೆಸರಿಗೆ ಆಗಿದೆಯೆಂಬ ಸಂದೇಶ.

ಬಲ ಮಂಡಿಯ ಮೇಲೆ ಬಿಸಿಯ ಗೆರೆಯೊಂದು ಮೂಡಿತು. ಪ್ಯಾಂಟಿನ ಬಟ್ಟೆ ಹಾಗೇ ಇತ್ತು. ಒಳಗೆ ಚರ್ಮ ಸೀಳಿತು. ಕೊಬ್ಬು ಚಿರ್ರ್ ಎಂದಿತು. ಅಧಿಕಾರಿ ಮೂಗು ಮುಚ್ಚಿಕೊಂಡು ಎದ್ದರು. ಬಾಗಿಲಲ್ಲಿದ್ದವರು ಹಿಂದೆ ಸರಿದರು. ಅವನು ಮೇಜು ಹಿಡಿದ. ಮೇಜಿನ ಸಮೇತ ಬಿದ್ದ. ಗೆರೆ ಮೂಳೆಯವರೆಗೆ ಇಳಿಯಿತು. ಮೂಳೆ ದಾಟಿತು. ಕಾಲು ಪ್ಯಾಂಟಿನೊಳಗೇ ತನ್ನಿಂದ ಬೇರೆಯಾಗಿ ಮಲಗಿದ್ದು ಅವನಿಗೆ ಕಂಡಿತು. ಒಂದು ಕ್ಷಣ ಬಿಡುವು. ಅಷ್ಟೇ. ಎಡ ಮಂಡಿಯ ಮೇಲೆ ಬಿಸಿ ತಾಗಿತು.

ಅವನು ಬಿದ್ದಲ್ಲಿಂದಲೇ ಫೋನಿನ ಕಡೆ ಕೈ ಚಾಚಿ ಮತ್ತೆ ಮಹದೇವನ ಸಂಖ್ಯೆ ಒತ್ತಿದ. ರಿಂಗಾಗುತ್ತಲೇ ಇತ್ತು. ಮಹದೇವ ಹಿಡಿದ ಕೆಲಸವನ್ನು ಅರ್ಧಕ್ಕೆ ಬಿಟ್ಟು ಫೋನು ಎತ್ತುವವನಲ್ಲ.